ಉಪ್ಪಿನ ಗಣಿಯಲ್ಲಿ ಜಗತ್ತಿನ ಕೊನೆ

ನನ್ನ ಹೆಂಡತಿಯ ಅಣ್ಣ ಆರ್ನೆ ಕಿವೆಲಾ ಜಗತ್ತಿನ ಕೊನೆಯ ಬಗ್ಗೆ ತಲೆ ಕೆಡಿಸಿಕೊಂಡಷ್ಟು ನಮ್ಮೂರಿನ ಪಾದ್ರಿಯೂ ಕೆಡಿಸಿಕೊಂಡಿರಲಿಲ್ಲ. ಓದಿದ್ದು ಎಂಟನೇ ತರಗತಿ. ಈರೀ ಸರೋವರದ ತಳಕ್ಕಿಂತಲೂ ಕೆಳಗೆ, ಎರಡು ಸಾವಿರ ಅಡಿ ಆಳದ ಉಪ್ಪಿನ ಗಣಿಯಲ್ಲಿ ಆಯಸ್ಸು ಕಳೆದವನು. ಮಾತು ಕಡಿಮೆ. ಫಿನ್ಲೆಂಡಿನಿಂದ ಬಂದ ಈ ಫಿನ್ನರೆಲ್ಲ ಹಾಗೆಯೇ. ನಾನು ಮದುವೆಯಾದ ಹೊಸದರಲ್ಲಿ ಅವರ ಮನೆಯ ಊಟದ ಮೇಜಿನ ಮುಂದೆ ಕೂತಾಗ ಯಾರೋ ಸತ್ತಿರಬೇಕು ಅಂದುಕೊಂಡಿದ್ದೆ. ನಾನು ಹಂಗೇರಿಯವರ ಬೀದಿಯವನು, ಹೆಸರು ಬೇಲಾ ತಕಾಚ್, ಅದೇ ಗಣಿಯ ಎಲೆಕ್ಟ್ರಿಷಿಯನ್. ನಮ್ಮ ಮನೆಗಳಲ್ಲಿ ಒಬ್ಬ ಸ್ವಲ್ಪ ಹೊತ್ತು ಸುಮ್ಮನಿದ್ದರೆ ಡಾಕ್ಟರಿಗೆ ಹೇಳಿ ಕಳಿಸುತ್ತಾರೆ.

ಆ ಮನೆಯಲ್ಲಿ ನಿಜಕ್ಕೂ ಒಬ್ಬ ಸತ್ತಿದ್ದ. ಆರ್ನೆಯ ತಮ್ಮ ವೈನೊ. ನಮ್ಮ ಮದುವೆಗೆ ಹಿಂದಿನ ವರ್ಷ, ಗಣಿಯ ಪೂರ್ವದ ಸುರಂಗದಲ್ಲಿ ಚಾವಣಿ ಕುಸಿದು ಅವನ ಮೇಲೆ ಬಿದ್ದಿತ್ತು. ಇಪ್ಪತ್ತೆರಡರ ಹುಡುಗ. ಇಡೀ ಮನೆಯಲ್ಲಿ ಜೋರಾಗಿ ನಗುತ್ತಿದ್ದವನು ಅವನೊಬ್ಬನೇ ಎಂದು ನನ್ನ ಹೆಂಡತಿ ಐಲಿ ಈಗಲೂ ಹೇಳುತ್ತಾಳೆ. ತೆಗೆಯಲು ಹೋದವರ ಮೇಲೂ ಉಪ್ಪು ಬೀಳುತ್ತಲೇ ಇತ್ತು. ಕೊನೆಗೆ ಸರ್ಕಾರದ ಇನ್‌ಸ್ಪೆಕ್ಟರುಗಳು ಬಂದು, ಸತ್ತವನಿಗಾಗಿ ಬದುಕಿದ್ದವರನ್ನು ಕೊಲ್ಲಬೇಡಿ, ಗೋಡೆ ಕಟ್ಟಿ ಮುಚ್ಚಿ ಅಂದರು. ಆ ಗೋಡೆಯನ್ನು ಆರ್ನೆಯೇ ಕಟ್ಟಿದ. ಬೇರೆಯವರ ಕೈಗೆ ಕರಣೆ ಕೊಡಲಿಲ್ಲ, ಅವರು ಸಂದು ಬಿಡುತ್ತಾರಂತೆ.

ಗೋಡೆ ಮುಗಿಸಿ ಮೇಲೆ ಬಂದವನು ತಾಯಿಯ ಮುಂದೆ ನಿಂತು ಒಂದು ಮಾತು ಹೇಳಿದ. “ಅಮ್ಮ, ಅವನು ಇದ್ದ ಹಾಗೇ ಇರ್ತಾನೆ. ಸುತ್ತ ಉಪ್ಪು. ಅಲ್ಲಿಗೆ ಗಾಳಿ ಹೋಗಲ್ಲ, ನೀರು ಹೋಗಲ್ಲ. ಏನೂ ಆಗಲ್ಲ ಅವನಿಗೆ.”

ನನ್ನ ಅತ್ತೆ ಹಿಲ್ಮಾ ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡುಬಿಟ್ಟರು. ಸತ್ತವರೆಲ್ಲ ಒಂದು ದಿನ ಮೈಸಮೇತ ಏಳುತ್ತಾರೆ ಎಂದು ಅವರ ಚರ್ಚಿನಲ್ಲಿ ಪ್ರತಿ ಭಾನುವಾರ ಹೇಳುತ್ತಾರಲ್ಲ, ಉಳಿದವರು ಅದನ್ನು ಬಾಯಿಪಾಠದಂತೆ ಹೇಳಿದರೆ ಅತ್ತೆ ಲೆಕ್ಕಾಚಾರ ಹಾಕಿ ಹೇಳುತ್ತಿದ್ದರು. ಮಗನ ಹೆಸರು ಕೆತ್ತಿದ ಒಂದು ಕಲ್ಲನ್ನು ಸ್ಮಶಾನದಲ್ಲಿ ಮಾವನ ಗೋರಿಯ ಪಕ್ಕ ನಿಲ್ಲಿಸಿದ್ದರು. ಅದರಡಿ ಯಾರೂ ಇರಲಿಲ್ಲ. ಅದರ ಪಕ್ಕದ ಜಾಗ ತಮಗೆ. ಒಮ್ಮೆ ಚರ್ಚಿನ ಕಾಫಿಯ ಹೊತ್ತಿನಲ್ಲಿ ಯಾರೋ ಹೆಂಗಸು, ಪಾಪ ನಿಮ್ಮ ಮಗನಿಗೆ ಸರಿಯಾಗಿ ಮಣ್ಣೂ ಸಿಗಲಿಲ್ಲ ಎಂದು ಲೊಚಗುಟ್ಟಿದಳು. ಅತ್ತೆ ಸಕ್ಕರೆಯ ಉಂಡೆಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ತಟ್ಟೆಗೆ ಬಗ್ಗಿಸಿದ ಕಾಫಿಯನ್ನು ಹೀರುತ್ತ ಹೇಳಿದರು, “ನಿಮ್ಮೋರೆಲ್ಲ ಮಣ್ಣಾಗಿರ್ತಾರೆ, ಅವರನ್ನ ಮೊದಲಿಂದ ಮಾಡ್ಬೇಕು ದೇವರು. ನನ್ನ ಮಗನಿಗೆ ಆ ರಗಳೆ ಇಲ್ಲ. ಟೋಪಿ ಸಮೇತ ಎದ್ದು ಬರ್ತಾನೆ.”

ಆರ್ನೆ ಮದುವೆಯಾಗಲಿಲ್ಲ. ತಾಯಿಯ ಜತೆ ಉಳಿದ. ತಾಯಿಗೆ ಕೊಟ್ಟ ಮಾತು ಸುಳ್ಳಾಗದಂತೆ ನೋಡಿಕೊಳ್ಳುವುದೇ ಅವನ ಸಂಸಾರವಾಯಿತು. ವಾರಕ್ಕೊಮ್ಮೆಯಾದರೂ ಆ ಗೋಡೆಯ ಹತ್ತಿರ ಹೋಗಿ, ಬಿರುಕು ಬಿಟ್ಟಿದೆಯೇ ಎಂದು ದೀಪ ಹಿಡಿದು ನೋಡಿ ಬರುತ್ತಿದ್ದ. ಮೇಸ್ತ್ರಿಗಳು ಕಂಡೂ ಕಾಣದ ಹಾಗೆ ಇರುತ್ತಿದ್ದರು.

ಎಪ್ಪತ್ತರ ದಶಕದ ಕೊನೆಯಲ್ಲಿ ಯೂನಿವರ್ಸಿಟಿಯ ವಿಜ್ಞಾನಿಗಳು ಬಂದರು. ಅವರಿಗೆ ಗಣಿಯೊಳಗೆ, ಒಂದು ಶಾಲೆಯ ಕಟ್ಟಡ ಹಿಡಿಸುವಷ್ಟು ದೊಡ್ಡ ಕೋಣೆ ಕೊರೆದು, ಅದಕ್ಕೆ ಪ್ಲಾಸ್ಟಿಕ್ಕಿನ ಒಳಪದರ ಹಾಕಿ, ಶುದ್ಧ ನೀರು ತುಂಬಿಸಬೇಕಿತ್ತಂತೆ. ಉಪ್ಪಿನ ಗಣಿಗೆ ನೀರು ತುಂಬಿಸುವುದು! ಕೇಳಿ ನಮ್ಮವರು ಬಿದ್ದು ಬಿದ್ದು ನಕ್ಕರು. ಬಾಡಿಗೆ ಚೆನ್ನಾಗಿ ಕೊಡುತ್ತಿದ್ದರು, ಕಂಪನಿ ಒಪ್ಪಿತು. ಉಪ್ಪು ಎಲ್ಲಿ ಗಟ್ಟಿ ಎಂದು ಮ್ಯಾನೇಜರ್ ಹಳಬರನ್ನೆಲ್ಲ ಸೇರಿಸಿ ಕೇಳಿದ. ಸಭೆಗಳಲ್ಲಿ ಎಂದೂ ಬಾಯಿ ತೆರೆಯದ ಆರ್ನೆ ಅಂದು ಬಾಯಿ ಬಿಟ್ಟ.

“ಪೂರ್ವದಲ್ಲಿ. ಹಳೇ ಗೋಡೆ ಪಕ್ಕ. ಅಲ್ಲಿ ಚಾವಣಿ ಅಲ್ಲಾಡಲ್ಲ.”

ಅದು ಸುಳ್ಳಲ್ಲ. ಕುಸಿದದ್ದು ಗೋಡೆಯಾಚೆಯ ಸುರಂಗ, ಈಚೆಯ ಉಪ್ಪು ಗಾಜಿನ ಹಾಗೆ ಸ್ವಚ್ಛವಾಗಿತ್ತು. ಅವನ ಮನಸ್ಸಿನಲ್ಲಿ ಏನಿದೆ ಎಂದು ನಮಗೆಲ್ಲ ಗೊತ್ತಿತ್ತು. ನೀರು ನೋಡಿಕೊಳ್ಳಲು ಒಬ್ಬ ಬೇಕು, ಅವನ ಮೊಣಕಾಲು ಹೇಗೂ ಕೆಟ್ಟಿದೆ, ತಮ್ಮನ ಪಕ್ಕದಲ್ಲೇ ಕೂತು ಕೆಲಸ ಮಾಡುವ ಆಸೆ. ಯಾರು ಬೇಡ ಅಂತಾರೆ? ಎಲ್ಲರೂ ತಲೆಯಾಡಿಸಿದೆವು. ಗಣಿಯವನು ಹುಟ್ಟಿದಾಗಿನಿಂದ ಚಾವಣಿ ನೋಡುತ್ತಾನೆ, ಸಾವು ಬರುವುದು ಮೇಲಿನಿಂದ. ನೆಲ ಯಾವ ಕಡೆಗೆ ಇಳಿಜಾರು ಎಂದು ಅಲ್ಲಿ ಒಬ್ಬನೂ ಯೋಚಿಸಲಿಲ್ಲ. ಒಣಗಣಿ ನಮ್ಮದು, ಯೋಚಿಸುವ ಕಾರಣವೇ ಬಂದಿರಲಿಲ್ಲ. ಆ ನೆಲ ಗೋಡೆಯ ಕಡೆಗೆ, ವೈನೊ ಇದ್ದ ಕಡೆಗೆ ಇಳಿದಿತ್ತು.

ವಿಜ್ಞಾನಿಗಳ ಮುಖ್ಯಸ್ಥೆ ಎಸ್ತರ್ ಹಾಲ್ಪರ್ನ್. ಗಿಡ್ಡ ಹೆಂಗಸು. ಕೊಟ್ಟಿದ್ದ ಹೆಲ್ಮೆಟ್ ಕಣ್ಣಿನ ಮೇಲೆ ಜಾರುತ್ತಿತ್ತು. ನಾವು ಡಾಕ್ಟ್ರಮ್ಮ ಅನ್ನುತ್ತಿದ್ದೆವು. ಅವರು ನಮ್ಮ ಜತೆಯಲ್ಲೇ, ಉಪ್ಪಿನಲ್ಲಿ ಕೊರೆದ ಊಟದ ಕೋಣೆಯಲ್ಲಿ ಬುತ್ತಿ ಬಿಚ್ಚುತ್ತಿದ್ದರು. ನೀರು ತುಂಬುತ್ತಿದ್ದ ದಿನಗಳಲ್ಲಿ ಒಮ್ಮೆ ನಾನು ಕೆಣಕಿದೆ.

“ಡಾಕ್ಟ್ರಮ್ಮ, ಇಷ್ಟೊಂದು ನೀರಲ್ಲಿ ಏನು ಹಿಡೀತೀರಿ? ಮೀನಾ?”

“ಮೀನಲ್ಲ ಬೇಲಾ, ಒಂದು ಸಾವು,” ಅಂದರು. “ಪ್ರೋಟಾನ್ ಅಂತ ಇದೆ. ಎಲ್ಲಾ ವಸ್ತುವಿನ ಒಳಗೂ ಇರೋ ಕಾಳು. ನಿಮ್ಮೊಳಗೆ, ಈ ಬ್ರೆಡ್ಡಿನೊಳಗೆ, ನೀರೊಳಗೆ. ಅದಕ್ಕೆ ಸಾವಿಲ್ಲ ಅಂತಿದ್ವಿ. ಈಗ ಹೊಸ ಲೆಕ್ಕ ಹೇಳುತ್ತೆ, ಅದೂ ಸಾಯುತ್ತೆ, ತುಂಬಾ ತುಂಬಾ ನಿಧಾನವಾಗಿ. ಅಷ್ಟು ನೀರನ್ನ ಕಾಯ್ತಾ ಕೂತ್ರೆ ವರ್ಷಕ್ಕೆ ಕೆಲವಾದ್ರೂ ಸಾಯೋದು ಕಾಣ್ಬೇಕು. ಸತ್ತಾಗ ಒಂದು ನೀಲಿ ಮಿಂಚು ಬರುತ್ತೆ. ಸುತ್ತ ಹಾಕಿರೋ ಗಾಜಿನ ಕಣ್ಣುಗಳು ಅದನ್ನ ನೋಡುತ್ವೆ.”

“ನೋಡಿ ಏನ್ಮಾಡ್ತೀರಿ?”

“ಜಗತ್ತು ಕೊನೆಗೆ ಹೇಗೆ ಮುಗಿಯುತ್ತೆ ಅಂತ ತಿಳ್ಕೋತೀವಿ. ನಕ್ಷತ್ರ ಎಲ್ಲಾ ಆರಿಹೋದ್ಮೇಲೂ ಕಲ್ಲು, ಕಬ್ಬಿಣ, ಬೂದಿ ಅಂತ ಏನೋ ಉಳಿದಿರುತ್ತಲ್ಲ. ಪ್ರೋಟಾನ್ ಸಾಯೋದಾದ್ರೆ ಅದೂ ಉಳಿಯಲ್ಲ.”

ಮೂಲೆಯಲ್ಲಿ ಕೂತಿದ್ದ ಆರ್ನೆ ತಲೆ ಎತ್ತಿದ. “ಉಪ್ಪು?”

“ಉಪ್ಪೂ ಅಷ್ಟೇ.”

“ಉಪ್ಪಲ್ಲಿ ಇಟ್ಟಿದ್ದು?”

ಡಾಕ್ಟ್ರಮ್ಮ ನಕ್ಕರು. “ಉಪ್ಪಲ್ಲಿ ಏನಿಟ್ಟಿದ್ದೀರಿ ಆರ್ನೆ ಅವರೇ, ಮೀನಾ?”

ಆರ್ನೆ ಬುತ್ತಿ ಮುಚ್ಚಿ ಎದ್ದುಹೋದ. ವೈನೊನ ವಿಷಯ ನಾನೇ ಅವರಿಗೆ ಹೇಳಬೇಕಾಯಿತು. ಹೇಳುವಾಗ ಸಿಟ್ಟಿನಿಂದಲೇ ಹೇಳಿದೆ. ಆಕೆಯ ಮುಖ ಪೆಚ್ಚಾಯಿತು. ಹೋಗಿ ಅವನ ಬಳಿ ಕ್ಷಮೆ ಕೇಳಿದರು. ಇವನು, “ನಿಮಗೆ ಗೊತ್ತಿರ್ಲಿಲ್ಲ,” ಎಂದಷ್ಟೇ ಹೇಳಿ ಸೋಸುವ ಯಂತ್ರದ ಕಡೆ ತಿರುಗಿದನಂತೆ.

ಮಾರನೆಯ ದಿನದಿಂದ ಅವನದೊಂದು ಪ್ರಶ್ನೆ ಶುರುವಾಯಿತು. ಕೆಳಗೆ ಇಳಿದವನೇ ಕಂಪ್ಯೂಟರಿನ ಕೋಣೆಗೆ ತಲೆ ಹಾಕಿ, “ಸತ್ತಿತಾ?” ಅನ್ನುವುದು. “ಇಲ್ಲ,” ಎಂದು ಅವರು ಅನ್ನುವುದು. ವರ್ಷ ಹೋಯಿತು, ಎರಡು ಹೋಯಿತು, ಒಂದೂ ಸಾಯಲಿಲ್ಲ. ವಿಜ್ಞಾನಿಗಳ ಮುಖ ಇಷ್ಟಿಷ್ಟೇ ಇಳಿಯುತ್ತ ಬಂತು. ಡಾಕ್ಟ್ರಮ್ಮನ ಕೈಕೆಳಗಿನ ಹುಡುಗರ ನೌಕರಿ, ಹೆಸರು ಎಲ್ಲ ಈ ಸಾವಿನ ಮೇಲೆ ನಿಂತಿತ್ತು. ಆರ್ನೆಗೆ ಮಾತ್ರ ದಿನವೂ ಹಬ್ಬ. ತಾಯಿಯಿಂದ ಏಲಕ್ಕಿ ಬ್ರೆಡ್ಡು ಮಾಡಿಸಿ ತಂದು ಅವರಿಗೆಲ್ಲ ಹಂಚುತ್ತಿದ್ದ. ಪಾಪ, ಅವರು ಸಾವಿನ ಮನೆಯ ಊಟದಂತೆ ತಿನ್ನುತ್ತಿದ್ದರು. ಮನೆಯಲ್ಲಿ ಅತ್ತೆಗೂ ವರದಿ ಮುಟ್ಟುತ್ತಿತ್ತು.

“ಅಮ್ಮ, ದೊಡ್ಡ ದೊಡ್ಡ ಓದಿದೋರು ಯಂತ್ರ ಇಟ್ಕೊಂಡು ನೋಡಿದ್ರು. ಏನೂ ಸಾಯಲ್ವಂತೆ.”

“ಅದನ್ನ ತಿಳ್ಕೊಳ್ಳೋಕೆ ಅಷ್ಟು ನೀರು ಬೇಕಿತ್ತಾ?” ಅಂದರು ಅತ್ತೆ. “ನನ್ನ ಕೇಳಿದ್ರೆ ಪುಕ್ಕಟೆ ಹೇಳ್ತಿದ್ದೆ.”

ಆದರೆ ಡಾಕ್ಟ್ರಮ್ಮನಿಗೆ ಸುಮ್ಮನಿರಲು ಬರುವುದಿಲ್ಲ. ಅದೇ ನನಗೆ ಆಕೆಯ ಮೇಲಿರುವ ಕೋಪ. ಅವರ ಹುಡುಗರು ಊಟದ ಕೋಣೆಯ ಗೋಡೆಯ ಮೇಲೆ ಜಗತ್ತಿನ ಕೊನೆಗಳನ್ನು ಬರೆದು ಬಾಜಿ ಕಟ್ಟಿದ್ದರು. ಒಂದು, ಎಲ್ಲ ದೂರ ದೂರ ಹೋಗುತ್ತ ಆರಿ ತಣ್ಣಗಾಗುವುದು. ಇನ್ನೊಂದು, ಹಿಗ್ಗಿದ್ದೆಲ್ಲ ಒಂದು ದಿನ ನಿಂತು, ಹಿಂದಕ್ಕೆ ಬಿದ್ದು, ಒಂದೇ ಜಾಗದಲ್ಲಿ ಬೆಂಕಿಯಾಗುವುದು. ಮತ್ತೊಂದು, ಎಲ್ಲೋ ಒಂದು ಗುಳ್ಳೆ ಹುಟ್ಟಿ ಬೆಳಕಿನ ವೇಗದಲ್ಲಿ ಬೆಳೆದು, ನಮಗೆ ಗೊತ್ತಾಗುವ ಮೊದಲೇ ನಮ್ಮನ್ನು ಅಳಿಸಿಬಿಡುವುದು. ನಾನು ಗುಳ್ಳೆಯ ಪರ. “ಕರೆಂಟ್ ಬಿಲ್ ಬರೋಕೆ ಮುಂಚೆ ಬಂದ್ರೆ ಸಾಕು,” ಅಂದೆ.

ಆರ್ನೆ ಗೋಡೆಯ ಮೇಲಿನದನ್ನೆಲ್ಲ ಓದಿ ಕೇಳಿದ, “ಇದ್ರಲ್ಲಿ ಯಾವುದ್ರಲ್ಲಿ ಇದ್ದದ್ದು ಇದ್ದ ಹಾಗೇ ಇರುತ್ತೆ?”

ಡಾಕ್ಟ್ರಮ್ಮ, “ಯಾವುದರಲ್ಲೂ ಇಲ್ಲ ಆರ್ನೆ ಅವರೇ,” ಅಂದರು. “ಪ್ರೋಟಾನ್ ಸಾಯದೇ ಇದ್ರೂ ಇಲ್ಲ.”

“ಅಷ್ಟು ದಿನ ಅಮ್ಮ ಇರಲ್ಲ, ನಾನೂ ಇರಲ್ಲ,” ಅಂದ ಅವನು. “ಸದ್ಯಕ್ಕೆ ಇದ್ದ ಹಾಗಿದ್ರೆ ಸಾಕು.”

ಸದ್ಯಕ್ಕೂ ಇರಲಿಲ್ಲ. ಎಂಬತ್ತೆಂಟರ ಚಳಿಗಾಲ ಮುಗಿಯುತ್ತಿದ್ದಾಗ ಒಂದು ಬೆಳಗ್ಗೆ ವಿಜ್ಞಾನಿಗಳ ತೊಟ್ಟಿಯ ನೀರು ಇಳಿದಿರುವುದನ್ನು ಮೊದಲು ಕಂಡವನು ಅವನೇ. ಉಪ್ಪು ಕಲ್ಲಿನಂತೆ ಕಂಡರೂ ಒಂದೇ ಕಡೆ ನಿಲ್ಲುವ ವಸ್ತುವಲ್ಲ, ಕೊರೆದ ಜಾಗಕ್ಕೆ ನಿಧಾನವಾಗಿ ಒತ್ತಿಕೊಂಡು ಬರುತ್ತದೆ. ಅಷ್ಟು ವರ್ಷ ಒತ್ತಿದ್ದು ಪ್ಲಾಸ್ಟಿಕ್ಕಿನ ಪದರವನ್ನು ಎಲ್ಲೋ ಸೀಳಿತ್ತು. ಸೀಳಿನಿಂದ ನುಸುಳಿದ ನೀರು ಹಿಂದಿನ ಉಪ್ಪಿನ ಗೋಡೆಯನ್ನು ತಿನ್ನುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಪಶ್ಚಿಮದ ಕಡೆ, ನಮ್ಮ ಲಾರಿಗಳು ಓಡಾಡುವ ಮುಖ್ಯದಾರಿಯ ಗೋಡೆಯ ಮೇಲೆ ಒದ್ದೆ ಕಾಣಿಸಿತು. ಅದನ್ನು ಕೈಯಲ್ಲಿ ಮುಟ್ಟಿ ನೋಡಿ ಮ್ಯಾನೇಜರಿನ ಬಳಿಗೆ ಓಡಿದೆ.

ಮ್ಯಾನೇಜರ್ ಎಲ್ಲ ಕೆಲಸಗಾರರನ್ನೂ ಮೇಲೆ ಕಳಿಸಿ, ಬೇಕಾದ ನಾಲ್ಕು ಜನರನ್ನು ಉಳಿಸಿಕೊಂಡ. ನಕ್ಷೆ ಹರಡಿದ. “ಈ ಗೋಡೆ ಹೋದ್ರೆ ಗಣಿ ಹೋಯ್ತು. ಊರೂ ಹೋಯ್ತು. ನೀರನ್ನ ಈಗಿಂದೀಗ ಎಲ್ಲಾದ್ರೂ ಬಿಡ್ಬೇಕು. ಮೇಲೆ ಎತ್ತೋಕೆ ನಮ್ಮ ಪಂಪುಗಳ ಕೈಲಾಗಲ್ಲ.”

ಒಣಗಣಿಗೆ ದೊಡ್ಡ ಪಂಪು ಯಾರು ಇಡುತ್ತಾರೆ? ಎಲ್ಲರ ಕಣ್ಣೂ ನಕ್ಷೆಯಲ್ಲಿ ತಗ್ಗಿನ ಜಾಗ ಯಾವುದೋ ಅಲ್ಲೇ ಹೋಗಿ ನಿಂತಿತ್ತು. ಯಾರೂ ಬೆರಳು ತೋರಿಸಲಿಲ್ಲ. ತೋರಿಸಿದವನು ಆರ್ನೆ.

“ಇಲ್ಲಿ. ಬೇರೆ ಜಾಗ ಇಲ್ಲ.”

“ಅಲ್ಲಿ ಬೇಡ!” ಡಾಕ್ಟ್ರಮ್ಮ ಕೂಗಿಕೊಂಡರು. “ನನ್ನ ಯಂತ್ರ ಎಲ್ಲಾ ಹಾಳಾಗ್ಲಿ, ಪರವಾಗಿಲ್ಲ, ಅಲ್ಲಿ ಬೇಡ.”

“ಹಾಗಾದ್ರೆ ಎಲ್ಲಿ ಅಂತ ನೀವೇ ಹೇಳಿ,” ಅಂದ ಮ್ಯಾನೇಜರ್. ಕೆಟ್ಟವನಲ್ಲ, ನಕ್ಷೆಯನ್ನು ಆಕೆಯ ಕಡೆ ಸರಿಸಿದ.

“ಕಟ್ಟಿದೋನು ನಾನು,” ಅಂದ ಆರ್ನೆ. “ನಾನೇ ಒಡೀತೀನಿ.”

ಒಡೆದ. ಸಂದು ಬಿಡದ ಗೋಡೆಯಾದ್ದರಿಂದ ಬಹಳ ಹೊತ್ತು ಹಿಡಿಯಿತು. ಪೈಪು ಜೋಡಿಸುವಷ್ಟರಲ್ಲಿ ಒಳಗೆ ಹೋಗಿ ಬರುತ್ತೇವೆ ಎಂದು ನಾನು ಮ್ಯಾನೇಜರಿನ ಮೈಮೇಲೆ ಏರಿ ಹೋದೆ. ಅವನು ಸರಿ ಅಂದ. ಒಳಗಿನ ಗಾಳಿ ಬಾಯಿ ಒಣಗಿಸುವಷ್ಟು ಒಣ. ಸ್ವಲ್ಪ ದೂರ ಹೋದರೆ ಕುಸಿತ ಎದುರಾಯಿತು. ನೆಲದಿಂದ ಚಾವಣಿಯವರೆಗೆ ಉಪ್ಪಿನ ಗುಡ್ಡ. ಕಾರಿನಷ್ಟು ದೊಡ್ಡ ಬಂಡೆಗಳು ಅಷ್ಟು ವರ್ಷಗಳಲ್ಲಿ ಒಂದಕ್ಕೊಂದು ಕಚ್ಚಿಕೊಂಡು ಒಂದೇ ಆಗಿದ್ದವು. ತಮ್ಮ ಅದರಲ್ಲಿ ಎಲ್ಲಿದ್ದಾನೆ ಎಂಬುದು ಆರ್ನೆಗೂ ಗೊತ್ತಿರಲಿಲ್ಲ. ಗುಡ್ಡದ ಉದ್ದಕ್ಕೂ ಕೈಯಾಡಿಸುತ್ತ ನಡೆದ. ಒಮ್ಮೆ ಹೆಸರು ಹಿಡಿದು ಕರೆದ, ಮನೆಯಲ್ಲಿ ಊಟಕ್ಕೆ ಕರೆಯುವ ದನಿಯಲ್ಲಿ. ನನಗೆ ತಡೆಯಲಾಗಲಿಲ್ಲ. ಹಾರೆ ಎತ್ತಿ ಬಂಡೆಯ ಸಂದಿಗೆ ಹೊಡೆದೆ, ಮತ್ತೆ ಹೊಡೆದೆ. ಮೇಲಿನಿಂದ ಉಪ್ಪು ಚಟಪಟನೆ ಉದುರಿತು. ಆರ್ನೆ ನನ್ನ ತೋಳು ಹಿಡಿದ.

“ಸಾಕು ಬೇಲಾ.”

“ಬಿಡು ಭಾವ, ಇನ್ನೊಂದು ಸಲ—”

“ಸಾಕು ಅಂದ್ನಲ್ಲ. ಐಲಿಗೆ ನೀನು ಬೇಕು.”

ಈಚೆ ಬಂದೆವು. ವಾಲ್ವನ್ನು ಅವನೇ ತಿರುಗಿಸಿದ. ನಮ್ಮ ಗಣಿಯಲ್ಲಿ ನೀರು ಹರಿಯುವ ಸದ್ದನ್ನು ನಾನು ಕೇಳಿದ್ದು ಅದೇ ಮೊದಲು. ಡಾಕ್ಟ್ರಮ್ಮ ಅವನ ಪಕ್ಕ ಬಂದು ನಿಂತು, “ಆ ನೀರು ಬೇಗ ಉಪ್ಪು ಹೀರ್ಕೊಂಡು ಸಾಕಾಗಿಬಿಡುತ್ತೆ. ಆಮೇಲೆ ಏನನ್ನೂ ಕರಗಿಸಲ್ಲ,” ಅಂದರು.

“ಡಾಕ್ಟ್ರಮ್ಮ, ಉಪ್ಪುಮೀನನ್ನ ನೀರಲ್ಲಿ ನೆನೆಹಾಕಿ ನೋಡಿದ್ದೀರಾ?” ಎಂದು ಕೇಳಿದ ಅವನು.

ಅತ್ತೆಯ ಮನೆಗೆ ಹೋದಾಗ ಬಾಗಿಲಲ್ಲೇ ಐಲಿ ನಿಂತಿದ್ದಳು. “ಏನ್ರೀ ಇದು? ಗೋಡೆ ಒಡೆದ್ರು ಅಂತ ಯಾರೋ ಬಂದು ಹೇಳಿದ್ರು. ವೈನೊನ್ನ ಮೇಲೆ ತರ್ತಿದ್ದಾರೆ ಅಂತ ಅಮ್ಮ ಎದ್ದು ಕೂತಿದ್ದಾರೆ. ಪಾದ್ರಿಗೂ ಫೋನ್ ಮಾಡ್ಸಿದ್ರು. ನಿಜಾನಾ?”

ನಾನು ಆರ್ನೆಯ ತೋಳು ಜಗ್ಗಿದೆ. “ಭಾವ, ಇವತ್ತು ಹೇಳ್ಬೇಡ. ಮಲಗ್ಲಿ. ನಾಳೆ ಹೇಳೋಣ.”

“ಪಾದ್ರಿ ಬೆಳಗ್ಗೆ ಗುಂಡಿ ತೋಡಿಸ್ತಾರೆ,” ಎಂದು ಅವನು ಒಳಗೆ ನಡೆದ.

ಅತ್ತೆ ಅಡುಗೆಮನೆಯಲ್ಲಿ ಚರ್ಚಿಗೆ ಹೋಗುವ ಕಪ್ಪು ಉಡುಪು ತೊಟ್ಟು ಕೂತಿದ್ದರು. ಪಕ್ಕದ ಕುರ್ಚಿಯ ಬೆನ್ನಿಗೆ ವೈನೊನ ಸೂಟು ನೇತುಹಾಕಿದ್ದರು. ಎಂಬತ್ತು ದಾಟಿದ ಮುದುಕಿಯ ಕೆನ್ನೆ ಕೆಂಪಾಗಿತ್ತು. ಅಷ್ಟು ಸಂತೋಷದಲ್ಲಿ ಅವರನ್ನು ನಾನು ನನ್ನ ಮದುವೆಯಲ್ಲೂ ನೋಡಿರಲಿಲ್ಲ.

“ಎಲ್ಲಿ ಅವನು?”

“ಅಮ್ಮ, ತರೋಕೆ ಆಗ್ಲಿಲ್ಲ. ಗಣಿಗೆ ನೀರು ನುಗ್ತಿತ್ತು. ಅದನ್ನ ಅಲ್ಲಿಗೆ ಬಿಟ್ವಿ.”

“ಎಲ್ಲಿಗೆ?”

“ಅವನಿರೋ ಕಡೆ.”

“ಯಾರು ಬಿಟ್ಟಿದ್ದು?”

“ನಾನು.”

ಅತ್ತೆ ಬೈಯಲಿಲ್ಲ. ಬೈದಿದ್ದರೆ, ಕೈಗೆ ಸಿಕ್ಕಿದ್ದನ್ನು ಎತ್ತಿ ಎಸೆದಿದ್ದರೆ ಚೆನ್ನಾಗಿತ್ತು. ನಮ್ಮ ಹಂಗೇರಿಯ ತಾಯಂದಿರು ಊರು ಒಂದು ಮಾಡುತ್ತಿದ್ದರು. ಇವರು ಎದ್ದು ಸೂಟನ್ನು ಮಡಚಿ ಅವನ ಕೈಗಿಟ್ಟರು.

“ಇದನ್ನ ನೀನೇ ಹಾಕ್ಕೋ. ನನ್ನ ಪಕ್ಕದ ಆ ಜಾಗಾನೂ ನೀನೇ ತಗೋ. ಅವನಿಗೆ ಇನ್ನು ಯಾವುದೂ ಬೇಡ.”

ಆಮೇಲೆ ಅತ್ತೆ ಚರ್ಚಿಗೆ ಹೋಗಲಿಲ್ಲ. ಮನೆಗೇ ಬಂದ ಪಾದ್ರಿಗೆ, ಎದ್ದು ಬರೋರು ಯಾರೂ ಇಲ್ಲ, ನಿಮ್ಮ ಕಾಫಿ ಕುಡಿದು ಹೊರಡಿ ಅಂದರು. ಆರ್ನೆಗೆ ಊಟ ಬಡಿಸುತ್ತಿದ್ದರು, ಬಟ್ಟೆ ಒಗೆಯುತ್ತಿದ್ದರು, ಮುಖ ಮಾತ್ರ ನೋಡುತ್ತಿರಲಿಲ್ಲ. ಎಲೆ ಉದುರುವ ಕಾಲಕ್ಕೆ ಹೋಗಿಬಿಟ್ಟರು. ಇಪ್ಪತ್ತೇಳು ವರ್ಷ ತಾಯಿಯ ನಂಬಿಕೆಗೆ ಕಾವಲು ನಿಂತವನ ಕೈಯಿಂದಲೇ ಅದು ಮುರಿದುಬಿತ್ತಲ್ಲ, ಇದಕ್ಕೆ ಯಾರನ್ನು ಬೈಯಲಿ? ಬಹಳ ಸಲ ದೇವರನ್ನು ಬೈದಿದ್ದೇನೆ, ಮ್ಯಾನೇಜರನ್ನು ಬೈದಿದ್ದೇನೆ. ಇಳಿಜಾರು ನೋಡದ ನಮ್ಮನ್ನೂ ಬೈದಿದ್ದೇನೆ.

ತೊಟ್ಟಿ ಮತ್ತೆ ತುಂಬಲಿಲ್ಲ. ವಿಜ್ಞಾನಿಗಳು ಗಾಜಿನ ಕಣ್ಣುಗಳನ್ನು ಬಿಚ್ಚಿ ಪೆಟ್ಟಿಗೆಗೆ ತುಂಬಿ ಹೊರಟರು. ಹೊರಡುವ ದಿನ ಡಾಕ್ಟ್ರಮ್ಮ ಆರ್ನೆಯನ್ನು ಹುಡುಕಿಕೊಂಡು ಬಂದರು. ನಾನು ವೈರು ಸುತ್ತುತ್ತ ಅಲ್ಲೇ ಇದ್ದೆ.

“ಎಲ್ಲಾ ತಿರುಗಿ ಒಂದೇ ಕಡೆ ಬರುತ್ತೆ ಅಂತ ಗೋಡೆ ಮೇಲೆ ಬರ್ದಿದ್ರಲ್ಲ, ಅದು ನಿಜಾನಾ?” ಎಂದು ಕೇಳಿದ ಆರ್ನೆ.

“ಇದ್ರೂ ಇರಬಹುದು. ಜಗತ್ತಲ್ಲಿ ಒಟ್ಟು ಎಷ್ಟು ತೂಕ ಇದೆ ಅನ್ನೋದರ ಮೇಲೆ. ಸಾಕಷ್ಟಿದ್ರೆ ಅದು ಎಳ್ಕೊಂಡು ವಾಪಸ್ ಬರುತ್ತೆ. ಇನ್ನೂ ಗೊತ್ತಿಲ್ಲ.”

“ಕರಗಿಹೋದದ್ದೂ?”

“ಎಲ್ಲಾನೂ. ನೀರು, ಉಪ್ಪು, ನೀವು, ನಾನು.”

“ಬೆಂಕಿ ಆಗಿ?”

“ಹೌದು, ಬೆಂಕಿ ಆಗಿ.”

“ಪರವಾಗಿಲ್ಲ,” ಅಂದ.

ಆ ಒಂದು ‘ಇದ್ರೂ ಇರಬಹುದು’ ಅವನನ್ನು ಹತ್ತು ವರ್ಷ ಬದುಕಿಸಿತು. ಶನಿವಾರ ಸಂಜೆ ಸೌನಾದಲ್ಲಿ, ಅವರ ಹಬೆಸ್ನಾನದ ಕೋಣೆಯಲ್ಲಿ, ಬೆತ್ತಲೆ ಕೂತು ಬೆವರು ಸುರಿಸುವಾಗ ಮಾತ್ರ ಅವನ ಬಾಯಿ ಬಿಚ್ಚುತ್ತಿತ್ತು. ಮುಷ್ಟಿ ಹಿಡಿದು ತೋರಿಸುತ್ತಿದ್ದ. “ಇಷ್ಟೂ ಜಾಗ ಇರಲ್ಲ ಬೇಲಾ. ಇದಕ್ಕಿಂತ ಚಿಕ್ಕದು. ಅದ್ರಲ್ಲೇ ಎಲ್ಲಾ. ಅಮ್ಮ, ವೈನೊ, ಅಪ್ಪ. ನೀನೂ.”

“ಈ ನಿಮ್ಮ ಸೌನಾಗಿಂತ ಸ್ವಲ್ಪ ತಣ್ಣಗಾದ್ರೂ ಇರುತ್ತಾ ಭಾವ?”

“ಇಲ್ಲ. ಇನ್ನೂ ಬಿಸಿ,” ಎಂದು ಗಂಭೀರವಾಗಿ ಹೇಳಿ ಕಾದ ಕಲ್ಲಿನ ಮೇಲೆ ಮತ್ತೊಂದು ಸೌಟು ನೀರು ಹಾಕುತ್ತಿದ್ದ. ಅಲ್ಲಿ ಅಮ್ಮನಿಗೆ ತನ್ನ ಕಡೆ ಮುಖ ತಿರುಗಿಸದೆ ಇರಲು ಜಾಗವೇ ಇರುವುದಿಲ್ಲ ಎಂದು ಒಂದು ಸಲ ಹೇಳಿದ.

ತೊಂಬತ್ತೆಂಟರಲ್ಲಿ ಪೇಪರಿನಲ್ಲಿ ಬಂತು. ಬಹಳ ದೂರದಲ್ಲಿ ಸಿಡಿದ ನಕ್ಷತ್ರಗಳನ್ನು ಅಳೆದು ನೋಡಿದರೆ ಜಗತ್ತು ಹಿಗ್ಗುವುದು ನಿಧಾನವಾಗುತ್ತಿಲ್ಲ, ಇನ್ನೂ ಜೋರಾಗುತ್ತಿದೆಯಂತೆ. ನಾನು ಆ ಪೇಪರನ್ನು ಒಲೆಗೆ ಹಾಕಿದೆ. ಪ್ರಯೋಜನವಾಗಲಿಲ್ಲ. ಆ ಹೊತ್ತಿಗೆ ಆರ್ನೆಯ ಶ್ವಾಸಕೋಶ ಕೈಕೊಟ್ಟು, ಮೂಗಿಗೆ ಆಕ್ಸಿಜನ್ ನಳಿಕೆ ಹಾಕಿಕೊಂಡು ಮಲಗಿದ್ದ. ಹಾಸಿಗೆಯ ಪಕ್ಕ ರೇಡಿಯೋ ಇತ್ತು, ಸುದ್ದಿಯನ್ನು ಅದರಲ್ಲಿ ಆಗಲೇ ಕೇಳಿದ್ದ. ಡಾಕ್ಟ್ರಮ್ಮನಿಗೆ ಫೋನ್ ಮಾಡಿ ಬರಹೇಳು ಎಂದು ಐಲಿಗೆ ದುಂಬಾಲು ಬಿದ್ದ.

ಆಕೆ ತಾವೇ ಕಾರು ಓಡಿಸಿಕೊಂಡು ಮಿಷಿಗನ್ನಿನಿಂದ ಬಂದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನಾನು ಬಾಗಿಲಿಗೆ ಅಡ್ಡ ನಿಂತೆ.

“ಡಾಕ್ಟ್ರಮ್ಮ, ಒಂದೇ ಒಂದು ಸುಳ್ಳು ಹೇಳಿ. ವಾಪಸ್ ಬರುತ್ತೆ ಅನ್ನಿ. ನಿಮ್ಮಪ್ಪನ ಗಂಟೇನು ಹೋಗುತ್ತೆ?”

“ನನ್ನನ್ನೇ ಯಾಕೆ ಕರೆಸಿದ್ರು ಬೇಲಾ?” ಅಂದರು. “ಸುಳ್ಳು ಬೇಕಿದ್ರೆ ನೀವೇ ಇದ್ರಲ್ಲ ಮನೇಲಿ.”

ಸಿಟ್ಟು ನೆತ್ತಿಗೇರಿತು. ಆದರೂ ದಾರಿ ಬಿಟ್ಟೆ. ಆಕೆ ಹಾಸಿಗೆಯ ಪಕ್ಕ ಕೂತು ಅವನ ಕೈ ಹಿಡಿದುಕೊಂಡರು. ಆರ್ನೆ, “ಹೇಳಿ,” ಅಂದ.

“ವಾಪಸ್ ಬರಲ್ಲ ಆರ್ನೆ ಅವರೇ. ನಿಲ್ಲೋದೂ ಇಲ್ಲ. ದೂರ ದೂರ ಹೋಗ್ತಾನೇ ಇರುತ್ತೆ, ಹೋದ ಹಾಗೆಲ್ಲ ಇನ್ನೂ ಬೇಗ. ಕೊನೆಗೆ ಒಂದರ ಬೆಳಕು ಇನ್ನೊಂದಕ್ಕೆ ಮುಟ್ಟೋದೂ ಇಲ್ಲ.”

“ಇನ್ನೊಂದು ಸಲ ಲೆಕ್ಕ ನೋಡಿದ್ರಾ?”

“ಎರಡು ಗುಂಪು ಬೇರೆ ಬೇರೆಯಾಗಿ ನೋಡಿದ್ದಾರೆ. ನಾನೂ ಕೂತು ನೋಡಿದೆ. ನಿಮಗೋಸ್ಕರ ನೋಡಿದೆ.” ಆಕೆ ಅಳುತ್ತಿದ್ದರು.

ಆರ್ನೆ ಮೂಗಿನ ನಳಿಕೆಯನ್ನು ಸರಿಪಡಿಸಿಕೊಂಡ. “ಹಾಗಾದ್ರೆ ಅವನು ಅಲ್ಲೇ,” ಅಂದ. “ಅಮ್ಮ ಅಲ್ಲಿ. ನಾನು ಇಲ್ಲೇ.” ಆಮೇಲೆ ಆಕೆಗೆ ಕಾಫಿ ಕೊಡು ಎಂದು ಐಲಿಗೆ ಸನ್ನೆ ಮಾಡಿ, ಗೋಡೆಯ ಕಡೆ ಹೊರಳಿದ.

ಮೊದಲ ಹಿಮ ಬೀಳುವ ಮೊದಲೇ ಹೋದ. ಅತ್ತೆ ಹೇಳಿದ್ದಂತೆ ಅವರ ಪಕ್ಕದಲ್ಲೇ ಇಟ್ಟೆವು. ಡಾಕ್ಟ್ರಮ್ಮನೂ ಬಂದು ಹಿಂದೆ ನಿಂತಿದ್ದರು. ಪಾದ್ರಿ ಪುಸ್ತಕ ತೆರೆದು ಓದುತ್ತ, ಸತ್ತವರೆಲ್ಲ ಎದ್ದು ಒಬ್ಬರನ್ನೊಬ್ಬರು ಮತ್ತೆ ಕಾಣುವ ದಿನದ ಮಾತಿಗೆ ಬಂದರು. ನನಗೆ ಮೊದಲಿನಿಂದಲೂ ಅದರಲ್ಲಿ ನಂಬಿಕೆಯಿಲ್ಲ. ಅಂದು ಮಾತ್ರ, ಒಂದು ಸಲ ಕೇಳಲಿ ನನ್ನ ಭಾವ, ಯಾರಾದರೂ ಒಬ್ಬರು ಅವನಿಗೆ ಅದನ್ನು ಹೇಳಲಿ ಎಂದು ಜೀವ ಹಂಬಲಿಸಿತು. ಹುಟ್ಟಿದಂದಿನಿಂದ ಆ ಚರ್ಚು ತಪ್ಪಿಸದ ಐಲಿ ನನ್ನ ತೋಳು ಬಿಟ್ಟು ಒಂದು ಹೆಜ್ಜೆ ಮುಂದೆ ಹೋದಳು.

“ಅದನ್ನ ಬಿಟ್ಟುಬಿಡಿ ಪಾದ್ರಿಗಳೇ,” ಅಂದಳು. “ಕೇಳಿಸ್ಕೊಳ್ಳೋರು ಇಲ್ಲಿ ಯಾರೂ ಉಳಿದಿಲ್ಲ.”

ಪಾದ್ರಿ ಅವಳ ಮುಖ ನೋಡಿದರು. ಪುಸ್ತಕ ಮುಚ್ಚಿದರು. ಗುಂಡಿ ತೋಡಿದವರು ಸಲಿಕೆ ಹಿಡಿದು ಮುಂದೆ ಬರುವವರೆಗೂ ನಾವು ಹಾಗೆಯೇ ನಿಂತಿದ್ದೆವು.